ಅಪ್ಪನ ಹಳದಿ ಬಲ್ಬುಗಳು

ದೆವ್ವ ಕಂಡವರು, ಯಾರೋ ಹೆಸರು ಹಿಡಿದು ಕರೆದದ್ದನ್ನು ಕೇಳಿದವರು ಎದುರಿಗೆ ಸಿಕ್ಕರೆ ನನಗೆ ಮೊದಲೆಲ್ಲ ಬಹಳ ಸಂತೋಷವಾಗುತ್ತಿತ್ತು. ನಂಬುತ್ತಿದ್ದೆ ಎಂದಲ್ಲ. ಅಣಕಿಸಲು ಹೊಸ ಸರಕು ಸಿಕ್ಕಿತಲ್ಲ ಎಂದು. ಮದುವೆ ಮನೆ, ಕಚೇರಿಯ ಬೀಳ್ಕೊಡುಗೆ, ಗಣಪತಿ ಪೆಂಡಾಲು, ಎಲ್ಲಿ ನಾಲ್ಕು ಜನ ಸೇರಿದರೂ ನಾನು ಊರಿನವರ ದನಿ ತೆಗೆಯುವವನು. ಅಂಥವರ ನಡುಗುವ ದನಿ, ಕಣ್ಣರಳಿಸುವುದು, ನಡುವೆ ಎಂಜಲು ನುಂಗುವುದು ಎಲ್ಲವನ್ನೂ ಹಾಗೆಯೇ ಮಾಡಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಬೇಸರವಿಲ್ಲ. ಆದರೆ ಒಂದು ಮಾತು: ಇದನ್ನು ಹೇಳುವಾಗ ನನಗೆ ಭಯವಾಗುವುದಿಲ್ಲ. ಸಿಟ್ಟು ಬರುತ್ತದೆ. ನಾಲ್ಕು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ನಮ್ಮ ಮನೆ ಬೇಲೆಕೇರಿಯಲ್ಲಿ. ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲೊಂದು ಹಳೆಯ ಕಾರಿದೆ, ನನಗಿಂತ ಎರಡೇ ವರ್ಷ ಚಿಕ್ಕದು. ಅದು ಅಪ್ಪನದು. ಹೆಸರಿಗೆ ಅಪ್ಪನದಾದರೂ ನಡೆದದ್ದು ಊರಿಗಾಗಿ. ನಮ್ಮ ಕೇರಿಯ ಅರ್ಧ ಮಕ್ಕಳು ಹುಟ್ಟುವ ಮೊದಲೇ ಅದರಲ್ಲಿ ಅಂಕೋಲೆಯ ಆಸ್ಪತ್ರೆಗೆ ಸವಾರಿ ಹೋದವರು.

ಅಪ್ಪನಿಗೊಂದು ಅಭ್ಯಾಸ. ನಮ್ಮ ಕಡೆ ಮುಸ್ಸಂಜೆಗೆ ದೀಪ ಹಚ್ಚಿದಾಗ ಕೈ ಮುಗಿಯುತ್ತಾರೆ, ಟ್ಯೂಬ್‌ಲೈಟಿನ ಸ್ವಿಚ್ ಒತ್ತಿದರೂ ಮುಗಿಯುತ್ತಾರೆ. ಅಪ್ಪ ಕಾರಿನ ಹೆಡ್‌ಲೈಟಿಗೂ ಮುಗಿಯುತ್ತಾನೆ. ಸ್ವಿಚ್ ತಿರುಗಿಸಿ, ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿ, ಗೊಗ್ಗರು ದನಿಯಲ್ಲಿ, “ನಮ್ಗೂ ಕಾಣ್ಲಿ, ಎದುರ್ಗೆ ಬರೋರ್ಗೂ ಕಾಣ್ಲಿ” ಎನ್ನುತ್ತಾನೆ. ಆಮೇಲೆಯೇ ಗೇರು. ಇದು ನನ್ನ ಅತಿ ಯಶಸ್ವಿ ಐಟಂ ಆಗಿತ್ತು. ಅಪ್ಪನ ಎದುರಿಗೇ ಮಾಡುತ್ತಿದ್ದೆ. ಅವನು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

ಆ ವರ್ಷ ಮಳೆಗಾಲ ಶುರುವಾಗುವಾಗ, ರಸ್ತೆ ಮಂಕಾಗಿ ಕಾಣುತ್ತದೆ ಎಂದು ಅಪ್ಪ ಒಂದೆರಡು ಸಲ ಹೇಳಿದ. ಕಣ್ಣು ತೋರಿಸು ಎನ್ನಬೇಕಿತ್ತು. ನಾನು ಆನ್‌ಲೈನಿನಲ್ಲಿ ಎಲ್‌ಇಡಿ ಬಲ್ಬು ತರಿಸಿದೆ. ಮೊಬೈಲಿನಲ್ಲಿ ವಿಡಿಯೋ ಹಚ್ಚಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಹಳೆಯ ಹ್ಯಾಲೋಜೆನ್ ಬಲ್ಬು ಬಿಚ್ಚುವುದು ಸುಲಭವಾಯಿತು. ಹೊಸದರ ಹಿಂದೆ ಸಣ್ಣ ಫ್ಯಾನು, ಅದಕ್ಕೆ ರಬ್ಬರಿನ ಮುಚ್ಚಳ ಕೂರಲಿಲ್ಲ. ಮುಚ್ಚಳವನ್ನೇ ಕತ್ತರಿಸಿದೆ. ಬಲ್ಬು ಸ್ವಲ್ಪ ವಾರೆಯಾಗಿ ಕೂತಿತು, ಒತ್ತಿ ಕ್ಲಿಪ್ ಹಾಕಿದೆ. ಹಳೆಯ ಎರಡನ್ನು ಪೇಪರಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ. ಅಲ್ಲಿ ನನ್ನದೊಂದು ಚಾಕಲೇಟೂ ಇತ್ತು. ಅದನ್ನು ನೆನಪಿಟ್ಟುಕೊಳ್ಳಿ.

ಸಂಜೆ ಹಚ್ಚಿದರೆ ಅಂಗಳದ ತೆಂಗಿನ ಮರದ ಕಾಯಿ ಎಣಿಸಬಹುದಿತ್ತು. ನಾನು ಹಿಗ್ಗಿದೆ. ಬೆಳಕು ಮರದ ಮೇಲೆ ಯಾಕೆ ಬೀಳುತ್ತಿದೆ, ಅದು ರಸ್ತೆಯ ಮೇಲಿರಬೇಕಲ್ಲವೇ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಅಪ್ಪನಿಗೆ ಬಂತು. “ಮಂಗನ ಕಣ್ಣಿಗೆ ಹೊಡೀಲಿಕ್ಕೆ ತಂದದ್ದಾ ತಮಾ ಇದು?” ಎಂದ. ನಾನು ಆ ಮಾತನ್ನೂ ಅವನದೇ ದನಿಯಲ್ಲಿ ತಿರುಗಿ ಹೇಳಿದೆ.

ಮರುದಿನ ಕಚೇರಿಗೆ ಅದರಲ್ಲೇ ಹೋಗಿ ಕತ್ತಲಾಗುವಾಗ ಮರಳಿದೆ. ಅದರ ಮರುದಿನ ಬೆಳಿಗ್ಗೆ ಚಹದಂಗಡಿಯಲ್ಲಿ ಸುದ್ದಿ ಸಿಕ್ಕಿತು. ಮೀನು ಮಾರುವ ದುರ್ಗಿ ಅಕ್ಕ ಹೆದ್ದಾರಿಯ ತಿರುವಿನಿಂದ ನಡೆದು ಬರುವಾಗ ಯಾವುದೋ ಗಾಡಿಯ ಬೆಳಕು ಕಣ್ಣಿಗೆ ಬಡಿದು ಗಟಾರಕ್ಕೆ ಬಿದ್ದಳಂತೆ. ಕಾಲು ಉಳುಕಿದೆ. ಬುಟ್ಟಿಯಲ್ಲಿದ್ದ ಒಣಮೀನೆಲ್ಲ ನೀರು ಪಾಲು. ಆಷಾಢದಲ್ಲಿ ದೋಣಿ ಇಳಿಯದಾಗ ಅವಳು ಜೀವ ಹಿಡಿದಿರುವುದೇ ಆ ಒಣಮೀನಿನ ಮೇಲೆ. ಅವಳು ಹಾಕಿದ ಶಾಪವನ್ನು ಅಂಗಡಿಯವನು ಸಪ್ಪೆಯಾಗಿ ಹೇಳಿದ, ನನಗೆ ಸಾಕಾಗಲಿಲ್ಲ. ನಾನೇ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ದುರ್ಗಿ ಅಕ್ಕನಾದೆ. ಬೀಳುವುದು, ಏಳುವುದು, ಮೀನು ಹುಡುಕುವುದು, ಎಲ್ಲ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಅಪ್ಪನ ಮುಂದೆ ಮತ್ತೊಮ್ಮೆ ಮಾಡಿದೆ.

ಅಪ್ಪ ಪೂರ್ತಿ ನೋಡಿದ. ನೋಡಿ ಒಂದೇ ಕೇಳಿದ, “ಎಷ್ಟ್ ಹೊತ್ತಿಗಂತೆ?”

ಏಳು ಗಂಟೆ ಸುಮಾರಿಗೆ ಎಂದೆ. ಬಾಯಿಂದ ಬಂದ ಮೇಲೆ ಲೆಕ್ಕ ಹತ್ತಿತು. ಆ ಹೊತ್ತಿಗೆ ಆ ರಸ್ತೆಯಲ್ಲಿ ಬಂದ ಗಾಡಿ ನನ್ನದು. ಬದಿಯಲ್ಲಿ ಏನೋ ಅಲುಗಿದ ಹಾಗೆ ಕಂಡದ್ದೂ ನಿಜ. ದನ ಎಂದುಕೊಂಡಿದ್ದೆ.

ತಪ್ಪು ಗೊತ್ತಾದ ಮನುಷ್ಯ ಏನು ಮಾಡಬೇಕೋ ಅದನ್ನು ನಾನು ಮಾಡಲಿಲ್ಲ, ಕೂಗಾಡಿದೆ. ನಿನಗೆ ಕಾಣುವುದಿಲ್ಲವೆಂದೇ ಹಾಕಿದ್ದು ಎಂದೆ. ಊರಲ್ಲಿ ಯಾರ ಗಾಡಿಗೆ ಬಿಳಿ ಬೆಳಕಿಲ್ಲ ಹೇಳು ಎಂದೆ. ಹಳೆಯ ಬಲ್ಬು ಹಾಕುವ ತನಕ ಆ ಗಾಡಿಯಲ್ಲಿ ಕೂರುವುದಿಲ್ಲ ಎಂದ ಅಪ್ಪ. ಹಾಗಾದರೆ ನಡೆದೇ ಹೋಗು ಎಂದೆ. ಈ ಮಾತನ್ನು ಹೇಳಿದ್ದು ನಾನೇ, ಯಾರ ದನಿಯಲ್ಲೂ ಅಲ್ಲ, ನನ್ನದೇ ದನಿಯಲ್ಲಿ.

ಅದೇ ದಿನ ಸಂಜೆಯ ಸಂಗತಿ ಇದು. ಕಾರವಾರದಿಂದ ಬರುವಾಗ ಮಳೆ ಹಿಡಿದುಕೊಂಡಿತ್ತು. ಹೆದ್ದಾರಿ ಬಿಟ್ಟು ಬೇಲೆಕೇರಿಗೆ ತಿರುಗುವಲ್ಲಿ ಗಾಡಿ ನಿಲ್ಲಿಸಿ, ಅಂಗಡಿಯಿಂದ ಬ್ರೆಡ್ಡು ತೆಗೆದುಕೊಂಡು ಮತ್ತೆ ಹತ್ತಿದೆ. ಬೆಳಗಿನ ಜಗಳ ಇನ್ನೂ ತಲೆಯಿಂದ ಹೋಗಿರಲಿಲ್ಲ. ನೋಡುವವರು ಒಬ್ಬರಿಲ್ಲದಿದ್ದರೂ ಅಣಕಿಸುವ ರೋಗ ನನ್ನದು. ಹೆಡ್‌ಲೈಟ್ ಹಚ್ಚಿ, ಎರಡು ಕೈ ಜೋಡಿಸಿ, ಗಂಟಲು ಗೊಗ್ಗರು ಮಾಡಿ, “ನಮ್ಗೂ ಕಾಣ್ಲಿ, ಎದುರ್ಗೆ ಬರೋರ್ಗೂ ಕಾಣ್ಲಿ” ಎಂದೆ. ಎಂದೂ ಅಷ್ಟು ಸರಿಯಾಗಿ ಅಪ್ಪನ ದನಿ ಬಂದಿರಲಿಲ್ಲ. ಎಷ್ಟು ಸರಿಯಾಗಿತ್ತೆಂದರೆ ನಾನೇ ಒಮ್ಮೆ ಹಿಂದಿನ ಸೀಟು ನೋಡಿದೆ.

ಬೆಳಕು ಬಿಳಿಯಾಗಿಯೇ ಇತ್ತು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಮಳೆಯ ಎಳೆಗಳಿಗೆ ಬಡಿದು ಎಲ್ಲ ನನ್ನ ಮುಖಕ್ಕೇ ವಾಪಸು ಬರುತ್ತಿತ್ತು. ಮುಂದೆ ಸುಣ್ಣ ಬಳಿದ ಗೋಡೆ ಇದ್ದ ಹಾಗೆ, ರಸ್ತೆಯೇ ಇಲ್ಲ. ಆದರೂ ನಿಧಾನ ಮಾಡಲಿಲ್ಲ, ಸಿಟ್ಟಿನಲ್ಲಿ ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ಒಂದು ತಿರುವು ದಾಟಿದೆ. ದಾಟಿದ್ದೇ ಬೆಳಕು ಹಳದಿಯಾಯಿತು.

ಮಿಣುಕಲಿಲ್ಲ, ಆರಿ ಹತ್ತಲಿಲ್ಲ. ಆ ಬಿಳಿ ಗೋಡೆ ಹೋಯಿತು, ಅಷ್ಟೇ. ಡಾಂಬರು, ಬದಿಯ ಕೆಂಪು ನೀರು, ಕಲ್ಲಿನ ಕಟ್ಟೆ, ಎಲ್ಲ ಹಳೆಯ ದಿನಗಳ ಹಾಗೆ ಸಣ್ಣಗೆ, ಸ್ಪಷ್ಟವಾಗಿ ಕಂಡವು. ರಸ್ತೆಯ ನಟ್ಟನಡುವೆ ಕಪ್ಪು ಕೊಡೆ ಹಿಡಿದು, ಒಂದು ಕೈ ಎತ್ತಿ, ಅಪ್ಪ ನಿಂತಿದ್ದ.

ಬ್ರೇಕ್ ಒತ್ತಿದೆ. ಗಾಡಿ ಜಾರಿ, ಅಡ್ಡಾಗಿ ನಿಂತಿತು. ಕೊಡೆಯ ತುದಿ ಬಾನೆಟ್ಟಿಗೆ ತಾಗಿತ್ತು.

ಅಪ್ಪ ಏನೂ ಆಗದವನಂತೆ ಬಾಗಿಲು ತೆರೆದು, ಕೊಡೆ ಮಡಚಿ, ಪಕ್ಕದಲ್ಲಿ ಬಂದು ಕೂತ. ಅಂಕೋಲೆಗೆ ಹೋಗಿದ್ದನಂತೆ, ತಿರುವಿನ ತನಕ ಬಸ್ಸು, ಆಮೇಲೆ ನಡಿಗೆ. ಗಾಡಿಯಲ್ಲಿ ಕೂರುವುದಿಲ್ಲ ಎಂದು ಆಣೆ ಇಟ್ಟವನಲ್ಲವೇ.

“ಬುದ್ಧಿ ಬಂತು ಕಾಣ್ತದೆ,” ಎಂದ. “ಹಿಂದೆ ತಿರುಗಿದ್ರೆ ಹಳದಿ ಬೆಳ್ಕು. ನಮ್ಮದೇ ಗಾಡಿ ಅಂತ ಗೊತ್ತಾಯ್ತು. ಅದ್ಕೇ ನಡೂ ರಸ್ತೆಗೆ ಬಂದ್ ಕೈ ತೋರ್ಸ್ದೆ. ಬಿಳೀ ಆಗಿದ್ರೆ ಗಟಾರ ಹಾರಿ ಆಚೆಗೆ ನಿಲ್ತಿದ್ದೆ.”

ನಾನು ಮುಂದೆ ನೋಡಿದೆ. ಗಾಜಿನಾಚೆ ಮತ್ತೆ ಬಿಳಿ ಗೋಡೆ. ಅಪ್ಪನೂ ನೋಡಿದ. ನಾನು ಯಾವುದೋ ಗುಂಡಿ ಒತ್ತಿ ಆಟವಾಡಿಸುತ್ತಿದ್ದೇನೆ ಎಂದುಕೊಂಡ ಅವನು. ಬಲ್ಬು ಬದಲಿಸಿಲ್ಲ ಅಪ್ಪ, ನನಗೂ ಹಳದಿ ಕಂಡಿತು, ದೇವರಾಣೆ ಎಂದೆ. ಇಡೀ ಊರನ್ನು ಅಣಕಿಸುತ್ತ ಬಂದವನ ದೇವರಾಣೆಯನ್ನು ಯಾರು ನಂಬುತ್ತಾರೆ?

“ನನ್ನನ್ನೂ ಕುಣಿಸ್ತ್ಯಾ ತಮಾ,” ಎಂದು ಇಳಿದ. ಕೊಡೆ ಬಿಚ್ಚಿ ನಡೆದ.

ಹೆಡ್‌ಲೈಟ್ ಆರಿಸಿದೆ. ಪಾರ್ಕಿಂಗ್ ಲೈಟಿನ ಎರಡು ಸಣ್ಣ ಕಿಡಿ ಇಟ್ಟುಕೊಂಡು, ಮೊದಲ ಗೇರಿನಲ್ಲಿ, ಅಪ್ಪನ ಹಿಂದೆ ಹಿಂದೆ ಮನೆಯ ತನಕ ತೆವಳಿದೆ. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮನೆಯ ಚಪ್ಪರದಡಿ ಗಾಡಿ ನಿಲ್ಲಿಸಿದ್ದೇ ಹಳೆಯ ಬಲ್ಬು ಹಾಕಿಬಿಡೋಣ ಎಂದು ಡ್ಯಾಶ್‌ಬೋರ್ಡಿನ ಖಾನೆ ತೆರೆದು ಕೈ ಹಾಕಿದೆ. ಬೆರಳು ಚುರ್ ಎಂದಿತು. ಸುತ್ತಿದ ಪೇಪರು ಕಂದಿತ್ತು, ಒಂದು ಕಡೆ ಸುಟ್ಟ ತೂತು. ಒಳಗಿನ ಬಲ್ಬುಗಳು ಒಂದು ತಾಸು ಉರಿದು ಈಗಷ್ಟೇ ಆರಿದ ಹಾಗೆ ಬಿಸಿ. ಪಕ್ಕದಲ್ಲೇ ಇದ್ದ ಚಾಕಲೇಟು ಕರಗಿರಲಿಲ್ಲ, ಮುರಿದರೆ ಟಕ್ ಎನ್ನುತ್ತಿತ್ತು. ಅಪ್ಪನನ್ನು ಕರೆದೆ. ಬಂದು, ಪೇಪರಿನ ಮೇಲೆ ಕೈಯಿಟ್ಟು, ತಟ್ಟನೆ ತೆಗೆದ. “ಎಲ್ಲಿ ಹಚ್ಚಿದ್ದ್ಯೋ ಇದನ್ನ?” ಎಂದು ಕೇಳಿದ. ಕತ್ತರಿಸಿದ ರಬ್ಬರಿಗೆ ಟೇಪು ಸುತ್ತಿ ಅಂದೇ ಹಳೆಯದನ್ನು ಕೂರಿಸಿದೆ. ಅಪ್ಪ ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದ.

ಅಂಕೋಲೆಯ ಮೆಕ್ಯಾನಿಕ್ ಗೆಳೆಯನಿಗೆ ಹೇಳಿದೆ. ಗಾಜಿಗೆ ಕೆಂಪು ನೀರು ಸಿಡಿದಿರಬೇಕು, ಹಾಗಾಗಿ ಹಳದಿ ಕಂಡಿದೆ ಎಂದ. ಖಾನೆಗೆ ಇಂಜಿನ್ನಿನ ಬಿಸಿ ತಾಗಿರಬೇಕು ಎಂದ. ಹಾಗಾದರೆ ಚಾಕಲೇಟು ಎಂದೆ. ಅವನು ಬೇರೆ ಗಾಡಿಯ ಬಾನೆಟ್ ಎತ್ತಿದ. ಈಗಲೂ ಯಾರಾದರೂ ಇದಕ್ಕೆ ಸುಲಭದ ವಿವರಣೆ ಕೊಟ್ಟರೆ ನನಗೆ ಸಿಟ್ಟು ಬರುತ್ತದೆ, ದೈವದ ಮಹಿಮೆ ಎಂದರೆ ಇನ್ನೂ ಹೆಚ್ಚು ಬರುತ್ತದೆ. ಆ ಬೆಳಕು ಅಪ್ಪನನ್ನು ಉಳಿಸಿತು ಎನ್ನುವವರಿದ್ದಾರೆ. ನಡುರಸ್ತೆಗೆ ಅವನನ್ನು ಕರೆತಂದು ನಿಲ್ಲಿಸಿದ್ದೂ ಅದೇ ಬೆಳಕಲ್ಲವೇ? ಉಳಿಸಲಿಕ್ಕೋ, ನನ್ನನ್ನು ಹೆದರಿಸಲಿಕ್ಕೋ? ಯಾರಾದರೂ ಹೇಳಬಲ್ಲಿರಾ?

ದುರ್ಗಿ ಅಕ್ಕನ ಮನೆಗೂ ಹೋದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಳು. ಆ ಗಾಡಿ ನನ್ನದೇ ಎಂದು ಹೇಳಿದೆ. ಬೈಯಲಿಲ್ಲ. “ಅಂಗಡೀಲಿ ನನ್ನಂಗೇ ಮಾಡಿದ್ಯಂತೆ. ಈಗ ಮಾಡು, ನಾನೂ ನೋಡ್ತೆ,” ಎಂದಳು. ಎದ್ದು ನಿಂತೆ, ಸೊಂಟಕ್ಕೆ ಕೈಯಿಟ್ಟೆ. ದನಿ ಬರಲಿಲ್ಲ. ಅವಳು ಮುಖ ನೋಡುತ್ತಲೇ ಇದ್ದಳು. ಅಷ್ಟು ಹೊತ್ತು ನಾನು ಯಾವ ವೇದಿಕೆಯ ಮೇಲೂ ನಿಂತಿಲ್ಲ.

ಆ ಎಲ್‌ಇಡಿ ಬಲ್ಬುಗಳು ಅಟ್ಟದ ಮೇಲಿವೆ. ಮಾರಬಹುದಿತ್ತು. ಮಾರಿದರೆ ಇನ್ಯಾರದೋ ಅಪ್ಪ ರಸ್ತೆಯಲ್ಲಿರುತ್ತಾನೆ. ಎದುರಿಗೆ ಬಿಳಿ ಬೆಳಕು ಹೊಡೆದುಕೊಂಡು ಬರುವವರನ್ನು ಕಂಡರೆ ಕಾರಿನೊಳಗೇ ಒದರುತ್ತೇನೆ, ಅವರಲ್ಲಿ ನನ್ನ ಮುಖವೇ ಕಾಣುತ್ತದೆ. ಸುಟ್ಟ ಪೇಪರು ಇನ್ನೂ ಅದೇ ಖಾನೆಯಲ್ಲಿದೆ.

ಅಪ್ಪನಿಗೆ ಕಣ್ಣಿನ ಆಪರೇಶನ್ ಆಯಿತು. ಈಗ ಸಂಜೆಯ ಮೇಲೆ ಗಾಡಿ ನಡೆಸುವವನು ನಾನು, ಅವನು ಪಕ್ಕದಲ್ಲಿ ಕೂರುತ್ತಾನೆ. ಹೆಡ್‌ಲೈಟ್ ಹಚ್ಚುತ್ತೇನೆ, ಕೈ ಜೋಡಿಸುತ್ತೇನೆ, ಅವನದೇ ದನಿಯಲ್ಲಿ ಅವನದೇ ಮಾತು ಹೇಳುತ್ತೇನೆ. ಅಣಕಿಸುತ್ತಿದ್ದೇನೋ, ಬೇಡಿಕೊಳ್ಳುತ್ತಿದ್ದೇನೋ, ನನಗೇ ಗೊತ್ತಾಗುವುದಿಲ್ಲ. ಅಪ್ಪ ನನ್ನನ್ನು ನೋಡುವುದಿಲ್ಲ. ಮುಂದೆ, ರಸ್ತೆಯ ಮೇಲೆ ಬಿದ್ದ ಬೆಳಕಿನ ಬಣ್ಣವನ್ನು ನೋಡುತ್ತಾನೆ. ನಾನೂ ಅದನ್ನು ನೋಡಿಯೇ ಗೇರು ಹಾಕುತ್ತೇನೆ.