ಮೂರು ಬ್ಲೇಡಿನಷ್ಟು ಸಂದು

ನಮ್ಮ ಯಜಮಾನರಿಗೆ ಕಿವಿ ಚುರುಕಾಗಿಯೇ ಇತ್ತು, ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಇದ್ದಿದ್ದರೆ ನಮ್ಮ ಹಳೆಯ ಟ್ಯಾಕ್ಸಿಯ ಎಂಜಿನ್ ಟಕಟಕ ಎಂದಾಗ ಅಷ್ಟು ಹೆದರುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಐದಾರು ವರ್ಷಗಳ ಮೇಲಿನ ಮಾತು. ಟ್ಯಾಕ್ಸಿ ಇಡುವ ಮೊದಲು ಅವರು ಒಬ್ಬ ಸಾಹುಕಾರರ ಕಾರು ಓಡಿಸುತ್ತಿದ್ದರು. ಓಡಿಸಿದ್ದಕ್ಕಿಂತ ಗೇಟಿನ ಬಳಿ ಕೈಕಟ್ಟಿ ನಿಂತದ್ದೇ ಹೆಚ್ಚು. ಆ ಕೆಲಸ ಬಿಟ್ಟ ದಿನ ನಾನು ಹೋಳಿಗೆ ಮಾಡಿದ್ದೆ. ಈಗ ಗ್ಯಾರೇಜಿನ ಮೇಸ್ತ್ರಿ, “ಬೇರಿಂಗ್ ಹೋಗ್ಬುಟ್ಟದೆ, ಗುಜರಿಗೆ ಕೊಟ್ಬುಡಿ” ಎಂದಿದ್ದ. ಅದು ಹೇಗೋ ಸಾಹುಕಾರರ ಕಿವಿಗೂ ಬಿದ್ದು, ಸೋಮವಾರ ಬಂದು ಕೆಲಸಕ್ಕೆ ಸೇರಲಿ ಎಂದು ಹೇಳಿಕಳಿಸಿದ್ದರು. ಇವರು ಹೂಂ ಅನ್ನುವುದೊಂದು ಬಾಕಿ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಹೊಲಿಗೆ ಮೆಷಿನ್ನನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸುತ್ತಿದ್ದವಳು. ಎಲ್ಲಿ ನೋವು ಅಂತ ಯಂತ್ರವೇ ಹೇಳುತ್ತದೆ, ಕೇಳಬೇಕಷ್ಟೆ. ಶನಿವಾರ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿಸಿ, ಒಲೆ ಊದುವ ಕಬ್ಬಿಣದ ಊದುಗೊಳವೆಯ ಒಂದು ತುದಿ ಅದಕ್ಕೆ ತಾಗಿಸಿ, ಇನ್ನೊಂದಕ್ಕೆ ಕಿವಿಕೊಟ್ಟೆ. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಕ್ಕರೆ ನಕ್ಕುಕೊಳ್ಳಲಿ. ಕೆಳಗೆ, ಬೇರಿಂಗ್ ಇರುವ ಕಡೆ ಇಟ್ಟರೆ ಬರೀ ಗುಂಯ್‌ಗುಡುವ ಸದ್ದು. ಮೇಲೆ, ವಾಲ್ವುಗಳ ಮುಚ್ಚಳದ ಮೇಲಿಟ್ಟರೆ ಟಕಟಕ.

“ರೀ, ಬೇರಿಂಗೂ ಇಲ್ಲ ಗೀರಿಂಗೂ ಇಲ್ಲ. ಸದ್ದು ಮೇಲಿಂದ ಬತ್ತಾದೆ, ಬಂದು ಕೇಳಿ!”

ಅವರೂ ಕಿವಿಯಿಟ್ಟರು. ಮುಖ ಅರಳಿತು. “ವಾಲ್ವು ಸಡ್ಲ ಆಗವೆ ಕಣೇ!”

ಅಷ್ಟೇ ಸಾಕಾಯಿತು. ಮುಚ್ಚಳ ತೆಗೆದು, ಒಂದೊಂದು ತಿರುಪನ್ನೂ ಬಿಗಿದೇ ಬಿಗಿದರು. ಟಕಟಕ ಮಾಯ. ಕುಣಿಯುವುದೊಂದು ಬಾಕಿ! ಆ ಖುಷಿಯಲ್ಲೇ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಅರ್ಧ ದಾರಿಯೂ ಹತ್ತಲಿಲ್ಲ. ಎಂಜಿನ್ ಏದುಸಿರು ಬಿಟ್ಟು, ಕೆಮ್ಮಿ, ನಿಂತುಬಿಟ್ಟಿತು.

“ಸೋಮವಾರ ಹೋಗ್ಬುಡ್ತೀನಿ ಕಣೇ,” ಎಂದು ಸ್ಟಿಯರಿಂಗಿಗೆ ಹಣೆ ಹಚ್ಚಿದರು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

“ಎಷ್ಟು ಬಿಗಿದ್ರಿ?”

“ಕೂದ್ಲೂ ತೂರದಂಗೆ.”

ತವರಿನಲ್ಲಿ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದು ನೆನಪಾಯಿತು. ತಣ್ಣಗಿದ್ದಾಗ ಹಿಡಿಸದ ಪಟ್ಟಿ ಕಾದರೆ ಹಿಗ್ಗಿ ಸಲೀಸಾಗಿ ಕೂರುತ್ತದೆ.

“ಕಾದ ಕಬ್ಬಿಣ ಹಿಗ್ಗಲ್ವಾ? ಅದಕ್ಕೊಸಿ ಜಾಗ ಬುಡದಿದ್ರೆ ವಾಲ್ವು ಪೂರ್ತಿ ಮುಚ್ಕೊಳ್ಳೋದೆಂಗೆ?”

ಅವರು ತಲೆಯೆತ್ತಿದರು. ಗ್ಯಾರೇಜಿನವರು ತಿರುಪಿಗೂ ವಾಲ್ವಿಗೂ ನಡುವಿನ ಸಂದಿಗೆ ಮೂರು ಗಡ್ಡದ ಬ್ಲೇಡು ಜೋಡಿಸಿ ತೂರಿಸುತ್ತಿದ್ದುದು ಆಗ ಜ್ಞಾಪಕಕ್ಕೆ ಬಂತಂತೆ! ಸದ್ದೇ ಅಡಗಿದ ಮೇಲೆ ಬ್ಲೇಡು ಯಾತಕ್ಕೆ ಅಂದುಕೊಂಡಿದ್ದರು ಪುಣ್ಯಾತ್ಮರು. ಅತಿಯಾದರೆ ಅಮೃತವೂ ವಿಷ.

ಎಂಜಿನ್ ಆರಿದ ಮೇಲೆ ಹೇಗೋ ಮನೆ ಮುಟ್ಟಿದೆವು. ಭಾನುವಾರ ಅದನ್ನು ಬಿಸಿ ಮಾಡಿ ಮತ್ತೆ ಕೂತೆವು. ತಿರುಪು ಅವರ ಕೈಯಲ್ಲಿ, ಬ್ಲೇಡು ನನ್ನ ಕೈಯಲ್ಲಿ. ದಪ್ಪ ಬಟ್ಟೆಯಲ್ಲಿ ಸೂಜಿ ಎಳೆದಷ್ಟು ಹಿಡಿತ ಸಿಕ್ಕಾಗ “ಸಾಕು” ಅನ್ನುತ್ತಿದ್ದೆ. ಎಂಟು ವಾಲ್ವಿಗೂ ಎಂಟು ಸಲ ಸಾಕು ಅಂದೆ. ಸಣ್ಣದೊಂದು ಟಿಕಟಿಕ ಮಾತ್ರ ಉಳಿಯಿತು.

ಸಂಜೆ ಕಾರು ಬೆಟ್ಟವನ್ನು ಒಂದೇ ದಮ್ಮಿಗೆ ಹತ್ತಿತು. ಮೇಲೆ ನಿಂತು ಊರು ನೋಡಿದಾಗ ಹಾಲು ಕುಡಿದಷ್ಟು ಸಂತೋಷವಾಯಿತು.

ಸೋಮವಾರ ಸಾಹುಕಾರರ ಗೇಟಿಗೆ ಹೋದೆವು. ಇವರು ಇಳಿಯಲಿಲ್ಲ, ಹಾರನ್ ಹೊಡೆದರು. ಸಾಹುಕಾರರೇ ಹೊರಗೆ ಬಂದರು.

“ಕೆಲ್ಸಕ್ಕೆ ಬರಕ್ಕಾಗಲ್ಲ ಬುದ್ಧಿ. ಗಾಡಿ ಸರಿಹೋಯ್ತು.”

ಸಾಹುಕಾರರು ಬಗ್ಗಿ ಒಳಗೆ ನೋಡಿದರು. ಹಿಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ಊದುಗೊಳವೆ. ದಾರಿಯಲ್ಲಿ ಮತ್ತೆ ಸದ್ದು ಬಂದರೆ ಬೇಕಾಗುತ್ತದೆಂದು ತಂದಿದ್ದೆ.

“ಯಾರಯ್ಯ ಅದು?”

“ನಮ್ಮ ಮೇಸ್ತ್ರಿ ಬುದ್ಧಿ,” ಎಂದು ಯಜಮಾನರು ಗೇರು ಹಾಕಿದರು.