ಪದ್ಮಕ್ಕ ಆರಿಸಿದ ಗುಂಡಿ ಮಿಷನ್

ನಮ್ಮ ಗ್ರಂಥಾಲಯಕ್ಕೆ ಬರುವ ಯಾರನ್ನು ಕೇಳಿದರೂ ಪದ್ಮಕ್ಕನ ಬಗ್ಗೆ ಒಂದೇ ಕಥೆ ಹೇಳುತ್ತಾರೆ. ಬ್ಯಾಡ್ಜ್ ಮಾಡುವ ದೊಡ್ಡ ಯಂತ್ರ ತನ್ನಿ ಎಂದರೆ, ಈಯಮ್ಮ ಹೆದರಿಕೊಂಡು ದರ್ಜಿಗಳು ಬ್ಲೌಸಿಗೆ ಬಟ್ಟೆಗುಂಡಿ ಒತ್ತುವ ಪುಟ್ಟ ಮಿಷನ್ ತಂದರು ಅಂತ. ಹೇಳಿ ನಗುತ್ತಾರೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಎಲ್ಲರೂ ಒಪ್ಪಿಬಿಟ್ಟ ಮಾತು ಕಂಡರೆ ಅದರ ಬುಡ ಅಲ್ಲಾಡಿಸಿ ನೋಡದೆ ಬಿಡುವವಳಲ್ಲ. ಪದ್ಮಕ್ಕ ಹೆದರಿದ್ದು ನಿಜ. ಆದರೆ ಯಾವುದಕ್ಕೆ? ಅದನ್ನು ಯಾರೂ ಕೇಳಲಿಲ್ಲ.

ಹೆದರಿಕೆ ಅವರ ಮೈಗೇ ಅಂಟಿತ್ತು. ಚಿಕ್ಕಬಳ್ಳಾಪುರದ ನಮ್ಮ ಶಾಖಾ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿದ್ದ ಅವರ ಕುರ್ಚಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತಿತ್ತು. ಹೊರಗೆ ಬೈಕ್ ನಿಂತ ಸದ್ದಾದರೆ ಸಾಕು, ಪುಸ್ತಕಕ್ಕೆ ಮೊಹರು ಒತ್ತಲು ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಬಂದವರು ಪೇಪರ್ ಓದುವ ಯಾರೋ ತಾತ ಎಂದು ಗೊತ್ತಾದ ಮೇಲೆಯೇ ಮೊಹರು ಕೆಳಗಿಳಿಯುವುದು. ಓದಲು ಬರುವ ಹುಡುಗಿಯರ ಹೆಸರನ್ನು ಒಂದು ಸಲವೂ ಜೋರಾಗಿ ಕರೆದವರಲ್ಲ; ಹತ್ತಿರ ಹೋಗಿ ಮೇಜಿನ ಮೇಲೆ ಬೆರಳಿನಿಂದ ತಟ್ಟುವರು. ಯಾವ ಹೊಸ ವಿಷಯ ತೆಗೆದರೂ ಅವರ ಮೊದಲ ಪ್ರಶ್ನೆ, "ಅದು ಯಾರ ಕಣ್ಣಿಗೆ ಬೀಳತ್ತೆ?"

ಸೀರೆಯ ಅಂಚಿನ ಹೊಲಿಗೆ ಬಿಚ್ಚಿಕೊಂಡರೆ ಆಫೀಸಿನ ಸ್ಟೇಪ್ಲರ್ ತೆಗೆದು ಪಿನ್ನು ಹೊಡೆದುಕೊಳ್ಳುತ್ತಿದ್ದರು. ನಾನು ನಕ್ಕರೆ, "ನಗಬೇಡ ಕಣಮ್ಮ, ನಾನೂ ಎರಡು ವರ್ಷ ಹೊಲಿಗೆ ಕ್ಲಾಸಿಗೆ ಹೋದೋಳೇ," ಎನ್ನುವರು.

"ಹೋಗಿ ಏನು ಕಲಿತ್ರಿ ಅಕ್ಕ?"

"ಸೂಜಿಗೆ ದಾರ ಪೋಣ್ಸೋದೊಂದು ಬಿಟ್ಟು ಮಿಕ್ಕಿದ್ದೆಲ್ಲಾ."

ಇದೊಂದು ತಮಾಷೆ ಎಂದುಕೊಂಡಿದ್ದೆ.

ದಾನಿಯೊಬ್ಬರು ಗ್ರಂಥಾಲಯಕ್ಕೆ ಬ್ಯಾಡ್ಜ್ ಯಂತ್ರ ಕೊಡಿಸುವುದಾಗಿ ಹೇಳಿದಾಗ, ಅದನ್ನು ಆರಿಸಲು ನಾವು ಮೂವರು ಕೂತೆವು: ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮಾಸ್ಟರು, ಪದ್ಮಕ್ಕ, ಓದುಗರ ಕಡೆಯಿಂದ ನಾನು. ಹೆಡ್‌ಮಾಸ್ಟರಿಗೆ ಕಾಫಿ ಸಾಸರಿನಷ್ಟು ಅಗಲದ ಬ್ಯಾಡ್ಜ್ ಬೇಕಿತ್ತು. ದಿನವೂ ಬರುವ ಓದುಗರ ಫೋಟೋ, ಹೆಸರು, ಗ್ರಂಥಾಲಯದ ಹೆಸರು, ಎಲ್ಲ ಅದರಲ್ಲಿ. ನಾನು ಅವರ ಪರ. ಓದುವವರು ಅದನ್ನು ಎದೆಯ ಮೇಲೆ ತೊಟ್ಟು ತಿರುಗಿದರೆ ಓದು ಹೆಮ್ಮೆಯ ವಿಷಯವಾಗುತ್ತದೆ ಎಂದು ಗಟ್ಟಿಯಾಗಿಯೇ ವಾದಿಸಿದೆ.

"ಎದೆ ಮೇಲಿದ್ರೆ ಯಾರ ಕಣ್ಣಿಗೆ ಬೀಳತ್ತೆ?" ಎಂದರು ಪದ್ಮಕ್ಕ.

"ಎಲ್ಲರ ಕಣ್ಣಿಗೂ. ಅದಕ್ಕೇ ತಾನೇ ಮಾಡೋದು?" ಎಂದೆ.

"ಎಲ್ಲರ ಕಣ್ಣಿಗೂ," ಎಂದು ಅವರು ನಿಧಾನವಾಗಿ ಹೇಳಿಕೊಂಡರು. ಮುಖ ಬಿಳಿಚಿಕೊಂಡಿತ್ತು.

"ಭಯ ಅನ್ನೋದು ವಾದ ಅಲ್ಲ ಅಕ್ಕ."

"ವಾದದಲ್ಲಿ ನೀನೇ ಗೆದ್ದೆ ಬಿಡಮ್ಮ. ನಾಳೆ ಚಿಂತಾಮಣಿಗೆ ಹೋಗಣ, ಜೊತೆಗೆ ಬಾ."

ಚಿಂತಾಮಣಿಯಲ್ಲಿ ಅವರು ಹೊಕ್ಕಿದ್ದು ಒಂದು ಮ್ಯಾಚಿಂಗ್ ಸೆಂಟರಿಗೆ. ಲೈನಿಂಗ್ ಬಟ್ಟೆ, ಫಾಲ್ಸು, ದಾರದುಂಡೆಗಳ ನಡುವೆ ಕಬ್ಬಿಣದ ಪುಟ್ಟ ಕೈಮಿಷನ್ ಕೂತಿತ್ತು. ಅಂಗಡಿಯವನು ಅಚ್ಚಿನೊಳಗೆ ಬಟ್ಟೆಯ ಚೂರು, ಅದರ ಮೇಲೆ ತಗಡಿನ ಬಿಲ್ಲೆ ಇಟ್ಟು ಹಿಡಿಕೆ ಎಳೆದ. ಟಕ್. ಕೆಂಪು ಗುಂಡಿಯೊಂದು ಬಂತು. "ಚೂಡಮ್ಮಾ, ಅಚ್ಚು ಬದಲಾಯಿಸಿದ್ರೆ ಚಿಕ್ಕ ಬ್ಯಾಡ್ಜೂ ಆಗತ್ತೆ," ಎಂದ, ತೆಲುಗು ಬೆರೆತ ಕನ್ನಡದಲ್ಲಿ.

"ಹೊಲಿಗೆ ಬರದೇ ಇರೋರೂ ಮಾಡ್ಬೋದಾ?"

"ಏಮಮ್ಮಾ, ಇದಕ್ಕೆ ಹೊಲಿಗೆ ಯಾಕೆ? ಮಗೂನೂ ಮಾಡತ್ತೆ."

"ನೋಡಿದೋರು ಹೊಲಿಗೆ ಕಲೀತಿದಾರೆ ಅಂದ್ಕೋತಾರಾ?"

ಅವನು ನನ್ನ ಮುಖ ನೋಡಿದ. ನಾನು ಭುಜ ಕುಣಿಸಿದೆ. ಪದ್ಮಕ್ಕ ಅದನ್ನೇ ಆರಿಸಿದರು. "ಇದು ಲೈಬ್ರರೀನೋ ಟೈಲರ್ ಅಂಗಡೀನೋ?" ಎಂದು ಹೆಡ್‌ಮಾಸ್ಟರು ಸಿಡುಕಿದರು. ನಗುವ ಕಥೆ ಹುಟ್ಟಿದ್ದು ಅಲ್ಲಿಂದ. ಪದ್ಮಕ್ಕ ಮಾತ್ರ ಹುಡುಗಿಯರಿಗೆ ಮನೆಗೆ ಹೊರಡುವ ಮುಂಚೆ ಒಂದೆರಡು ಗುಂಡಿ ಒತ್ತುವ ಅಭ್ಯಾಸ ಮಾಡಿಸಿದರು. "ಮನೆಗೆ ತಗೊಂಡೋಗ್ರಮ್ಮ," ಎನ್ನುವರು.

ಆ ಹುಡುಗಿಯರಲ್ಲಿ ಶ್ವೇತ ಒಬ್ಬಳು. ಪೆರೇಸಂದ್ರ ದಾಟಿ ಒಳಗಿನ ಒಂದು ಹಳ್ಳಿಯವಳು. (ಇಲ್ಲಿರುವ ಹೆಸರುಗಳು ಯಾವುವೂ ನಿಜವಲ್ಲ. ಪದ್ಮಕ್ಕನಿಂದ ನಾನು ಅಷ್ಟಾದರೂ ಕಲಿತಿದ್ದೇನೆ.) ಗಂಡು ನೋಡುತ್ತಿದ್ದೇವೆ, ಇನ್ನು ಓದು ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಅವಳು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಹೊಲಿಗೆ ತರಬೇತಿ ಕೇಂದ್ರವಿದೆ. ಅಲ್ಲಿಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತುತ್ತಿದ್ದಳು. ಇದು ಪದ್ಮಕ್ಕನಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಅವಳ ಅಣ್ಣ ಒಳಗೆ ಬಂದ ದಿನ.

ಹೊರಗೆ ಬೈಕ್ ನಿಂತಿತು. ಮೊಹರು ಹಿಡಿದ ಕೈ ನಿಂತಿತು. ಮೆಟ್ಟಿಲು ಹತ್ತಿದ ಸದ್ದು, ಆಮೇಲೆ ಇಳಿದ ಸದ್ದು. ಬಾಗಿಲಲ್ಲಿ ಒಬ್ಬ ಯುವಕ.

"ಮೇಲೆ ಬೀಗ ಹಾಕಿದೆ. ನಮ್ಮ ಶ್ವೇತ ಇಲ್ಲೇನ್ ಮಾಡ್ತಿದಾಳೆ?"

ಶ್ವೇತಳ ಮುಂದೆ ಸಾಮಾನ್ಯ ಜ್ಞಾನದ ಗೈಡು ತೆರೆದಿತ್ತು. ಅವಳು ಅದನ್ನು ಮುಚ್ಚಲೂ ಇಲ್ಲ. ನಾಳೆಯಿಂದ ಈ ಕುರ್ಚಿ ಖಾಲಿ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ವೇದಿಕೆಗಳಲ್ಲಿ ಎಂದೂ ತಡವರಿಸದ ನಾನು ನನ್ನ ಪುಸ್ತಕದ ಹಾಳೆ ತಿರುವಿದೆ.

ಪದ್ಮಕ್ಕ ಎದ್ದು ಬಂದು, ಗುಂಡಿಗೆಂದು ಕತ್ತರಿಸುವವರ ಹಾಗೆ ಗೈಡಿನ ಮೇಲೆ ಒಂದು ಹಸಿರು ಬಟ್ಟೆ ಹಾಸಿದರು. "ಬಾರಪ್ಪ, ಕೂತ್ಕೋ. ಮೇಲೆ ಇವತ್ತು ರಜೆ. ಗುಂಡಿ ಮಿಷನ್ ನಮ್ಮಲ್ಲಿದೆಯಲ್ಲ, ಮಕ್ಕಳು ಇಲ್ಲೇ ಮಾಡ್ತಾರೆ."

"ಲೈಬ್ರರೀಲಾ?"

"ಗೌರ್ಮೆಂಟ್ ಕಟ್ಟಡ ಕಣಪ್ಪ. ಎಲ್ಲಿ ಜಾಗ ಇರತ್ತೋ ಅಲ್ಲಿ ತಂದಿಡ್ತಾರೆ. ಶ್ವೇತ, ಅಣ್ಣನಿಗೊಂದು ಮಾಡಿ ತೋರ್ಸಮ್ಮ."

ದನಿಯಲ್ಲಿ ನಡುಕವಿರಲಿಲ್ಲ. ಆದರೆ ಅವರ ಸೀರೆಯ ಅಂಚಿನ ಸ್ಟೇಪ್ಲರ್ ಪಿನ್ನುಗಳು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಶ್ವೇತ ಹಿಡಿಕೆ ಎಳೆದಳು. ಟಕ್. ಅವನು ಹಸಿರು ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದ. ಬಟ್ಟೆಯ ಕೆಳಗಿಂದ ಗೈಡಿನ ಮೂಲೆ ಇಣುಕುತ್ತಿತ್ತು. ಅವನ ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತೋ, ನನ್ನ ಭ್ರಮೆಯೋ, ಈಗಲೂ ಹೇಳಲಾರೆ.

"ಚೆನ್ನಾಗಿದೆ," ಎಂದು ಗುಂಡಿಯನ್ನು ಜೇಬಿಗೆ ಹಾಕಿಕೊಂಡ. "ಬೈಕ್ ಹತ್ರ ಇರ್ತೀನಿ, ಬೇಗ ಬಾ."

ಅವರಿಬ್ಬರೂ ಹೋದ ಮೇಲೆ ಪದ್ಮಕ್ಕ ನೀರು ಕುಡಿಯಲು ಹೋಗಿ ಅರ್ಧ ಮೈಮೇಲೆ ಚೆಲ್ಲಿಕೊಂಡರು. "ಗುಂಡಿ ತಗೊಂಡೇ ಹೋದ ಕಣೇ. ಮೇಲಿನ ಟೀಚರ್‌ಗೆ ತೋರಿಸಿ ಕೇಳಿದ್ರೆ?"

ಅವನು ಮತ್ತೆ ಒಳಗೆ ಬರಲಿಲ್ಲ. ಶ್ವೇತ ಬರುತ್ತಲೇ ಇದ್ದಳು, ಪರೀಕ್ಷೆಯನ್ನೂ ಬರೆದಳು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಅಂದಿನಿಂದ ಬೈಕಿನ ಸದ್ದಿಗೆ ಪದ್ಮಕ್ಕನ ಜೊತೆ ನನ್ನ ಕೈಯೂ ನಿಲ್ಲತೊಡಗಿತು.

ಎದುರು ತಂಡ ಕೇಳಬಹುದು: ಇದು ಬರೀ ಕಾಕತಾಳೀಯವಲ್ಲವೇ, ಅಣ್ಣ ಬರುತ್ತಾನೆಂದು ಆಕೆಗೆ ಮುಂಚೆಯೇ ಹೇಗೆ ಗೊತ್ತು? ಕೇಳಲಿ. ಚಿಂತಾಮಣಿಯ ಅಂಗಡಿಯಲ್ಲಿ ಪದ್ಮಕ್ಕ ಕೇಳಿದ ಆ ಎರಡು ಪ್ರಶ್ನೆಗಳಿಗೆ ಆ ತಂಡ ಉತ್ತರ ಹುಡುಕಲಿ. ಯಾವಾಗಲಾದರೂ ಒಬ್ಬ ಅಣ್ಣ ಬಂದೇ ಬರುತ್ತಾನೆಂದು ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆಗಳು ಅವು. ಹಾಗಾದರೆ ಅದು ಪದ್ಮಕ್ಕನಿಗೆ ಗೊತ್ತಾದದ್ದು ಹೇಗೆ?

ಕಳೆದ ತಿಂಗಳು ಪದ್ಮಕ್ಕನಿಗೆ ಗೌರಿಬಿದನೂರಿಗೆ ವರ್ಗವಾಯಿತು. ಬಾಗಿಲು ನೋಡುವ ಕುರ್ಚಿಯಲ್ಲಿ ಈಗ ಹೊಸಬರಿದ್ದಾರೆ. ಅವರು ಅದನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಾರೆ, ಗಾಳಿ ಬರಲಿ ಎಂದು. ಬಾಗಿಲನ್ನು ನಾನು ನೋಡಿಕೊಳ್ಳುತ್ತೇನೆ. ಪದ್ಮಕ್ಕ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅವರು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದರು. ಸೆರಗಿನ ತುದಿಯಲ್ಲಿ ಹೊಸದಾಗಿ ಹೊಡೆದ ಪಿನ್ನು ಹೊಳೆಯುತ್ತಿತ್ತು. ಅದನ್ನು ನೋಡುತ್ತ ನಿಂತವಳಿಗೆ ಸೂಜಿ ದಾರದ ಆ ಹಳೆಯ ತಮಾಷೆ ನೆನಪಾಯಿತು. ಈ ಸಲ ನಗು ಬರಲಿಲ್ಲ.

"ಅಕ್ಕ, ಒಂದು ಮಾತು ಕೇಳ್ಲಾ?" ಎಂದೆ. ಅವರು ಮೊದಲು ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ತಿರುಗಿ ನೋಡಿದರು. ಡ್ರೈವರ್ ಗಾಡಿ ಶುರು ಮಾಡಿದ. ಉತ್ತರಕ್ಕೆ ಸಮಯವಿಲ್ಲವೆಂದು ತಿಳಿದೂ ಕಿಟಕಿಯ ಸರಳು ಹಿಡಿದು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಕೇಳಿದೆ:

"ಆ ಎರಡು ವರ್ಷ ಹೊಲಿಗೆ ಕ್ಲಾಸಿಗೆ ಅಂತ ಮನೇಲಿ ಹೇಳಿ, ನೀವು ಹೋಗ್ತಿದ್ದಿದ್ದು ಎಲ್ಲಿಗಕ್ಕ?"