ಮುದನಾಳದ ಹೊಲದಲ್ಲಿ ಸಿಕ್ಕ ಅರ್ಧ ಕಲ್ಲು

ಕಲ್ಲು ಕೂಡಿಡುವುದು ನನ್ನ ಬಹುಕಾಲದ ಹವ್ಯಾಸ. ಉಂಗುರದ ಹರಳು ಹಣೆಬರಹ ತಿದ್ದುತ್ತದೆ ಎಂದು ಯಾರಾದರೂ ಹೇಳಿದರೆ ಅವರೆದುರೇ ನಕ್ಕುಬಿಡುತ್ತಿದ್ದೆ. ನನಗೆ ಕಲ್ಲೆಂದರೆ ಬಣ್ಣ, ಗೆರೆ, ಗಡಸುತನ, ಅಷ್ಟೇ. ಈಗಲೂ ಬಹುಮಟ್ಟಿಗೆ ಹಾಗೆಯೇ ಇದ್ದೇನೆ. ಆದರೆ ಒಂದು ಕಲ್ಲಿನ ವಿಷಯದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಕೃಷ್ಣೆಯ ಅಣೆಕಟ್ಟಿನ ಕೆಳಗೆ ಮೀನು ಹಿಡಿಯುತ್ತಿದ್ದ ಭೀಮಣ್ಣ ಕಲ್ಲು ಹುಡುಕುವುದರಲ್ಲಿ ನನ್ನ ಜೊತೆಗಾರ. ಓದು ಬರಹ ಬಾರದವನು, ಆದರೆ ಅವನ ಕಣ್ಣು ನನ್ನದಕ್ಕಿಂತ ಚುರುಕು. ಒಮ್ಮೆ ಬಲೆಯ ಜೊತೆಗೆ ಆಲೂಗಡ್ಡೆಯಂಥ ಒರಟು ಕಲ್ಲೊಂದನ್ನು ತಂದ. ಸುತ್ತಿಗೆಯಿಂದ ಹೊಡೆದೆ, ಎರಡು ಹೋಳಾಯಿತು. ಒಳಗೆ ಕೆಂಪು ಬಿಳಿ ಪಟ್ಟೆಗಳು, ನಡುವೆ ಸಕ್ಕರೆ ಚೆಲ್ಲಿದಂಥ ಹರಳು. ಉಂಗುರದ ಅಂಗಡಿಯವರು ಹಕೀಕ್ ಎನ್ನುತ್ತಾರಲ್ಲ, ಆ ಜಾತಿಯದು.

"ನಿಮಗೊಂದು, ನನಗೊಂದು ಇರ್ಲಿ ಸಾಹೇಬ್ರ" ಎಂದ ಭೀಮಣ್ಣ.

ನನ್ನ ರೂಢಿಯಂತೆ ಎರಡೂ ಹೋಳಿಗೆ ಬಿಳಿ ಬಣ್ಣದ ಬೊಟ್ಟಿಟ್ಟು, ಅದರ ಮೇಲೆ ಕರಿ ಮಸಿಯಲ್ಲಿ ನನ್ನ ಸಂಗ್ರಹದ ಕ್ರಮಸಂಖ್ಯೆ ೪೧ ಎಂದು ಬರೆದೆ.

ಮರುವರ್ಷ ಭೀಮಣ್ಣ ಜ್ವರ ಬಂದು ತೀರಿಕೊಂಡ. ಅವನ ಹೆಂಡತಿ ಗಂಗವ್ವ ಇಬ್ಬರೂ ಮೀನಿಗೆ ಹೋಗುತ್ತಿದ್ದ ತೆಪ್ಪವನ್ನು ಅಂಗಳದಲ್ಲಿ ಬೋರಲು ಹಾಕಿದಳು. ಹೊಳೆಯ ಕಡೆ ಮುಖ ಮಾಡುವುದನ್ನೇ ಬಿಟ್ಟಳು. ಒಂದು ದಿನ ಅವನ ಪಾಲಿನ ಹೋಳನ್ನು ನನ್ನ ಕೈಗಿಟ್ಟು, "ಇದನ್ನ ನೋಡಿದ್ರ ಅಂವನ್ನ ಕಂಡಂಗ ಆಗ್ತೈತ್ರಿ. ಹೊಳಿಗೇ ಬಿಟ್ಟು ಬರ್ರಿ" ಎಂದಳು. ನಾನೇ ಅದನ್ನು ಕೃಷ್ಣೆಯ ಆಳವಾದ ಮಡುವಿಗೆ ಎಸೆದೆ. ಮುಳುಗಿದ್ದನ್ನು ಕಣ್ಣಾರೆ ಕಂಡೆ.

ಆಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು. ಎರಡು ವರ್ಷ ಕಳೆದಿರಬೇಕು. ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ಸೀತನಿ ತಿನ್ನಲು ಮುದನಾಳದ ತಮ್ಮ ಹೊಲಕ್ಕೆ ಕರೆದರು. ಅವರು ಎಳೆ ಜೋಳದ ತೆನೆ ಸುಡುತ್ತಿದ್ದರೆ, ನಾನು ಎಂದಿನಂತೆ ನೆಲ ನೋಡುತ್ತ ಬದುವಿನ ಮೇಲೆ ಹೊರಟೆ. ಕೂಲಿಗೆ ಬಂದಿದ್ದ ಮಲ್ಲಮ್ಮ ಎಂಬ ಹೆಂಗಸು ಕೇಳಿದಳು:

"ಏನ್ ಕಳಕೊಂಡೀರಿ, ಸಾಹೇಬ್ರ?"

"ಏನಿಲ್ಲವ್ವ, ಚೆಂದದ ಕಲ್ಲು ಹುಡುಕಾಕತ್ತೀನಿ."

"ಮುಂಜಾನಿ ಕಸ ತೆಗಿಯುವಾಗ ನನಗೊಂದು ಸಿಕ್ಕೈತಿ. ಮ್ಯಾಲ ಏನೋ ಬರದಾರ ನೋಡ್ರಿ" ಎಂದು ಸೆರಗಿನ ಗಂಟು ಬಿಚ್ಚಿದಳು.

೪೧. ನನ್ನದೇ ಕೈಬರಹ. ಮಸಿ ಕೂಡ ಮಾಸಿರಲಿಲ್ಲ. ಬದುವಿನ ಮೇಲೆ ಕುಳಿತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಮಲ್ಲಮ್ಮ ಸಂತೋಷದಿಂದಲೇ ಅದನ್ನು ಕೊಟ್ಟಳು. ಮನೆಗೆ ಬಂದವನೇ ನನ್ನ ಹೋಳನ್ನು ತೆಗೆದು ಜೋಡಿಸಿದೆ. ಪಟ್ಟೆಗೆ ಪಟ್ಟೆ ಕೂಡಿ, ನಡುವೆ ಕೂದಲೂ ತೂರದಂತೆ ಕುಳಿತುಕೊಂಡಿತು.

ಮುದನಾಳ ಇರುವುದು ಭೀಮೆಯ ಸೀಮೆಯಲ್ಲಿ. ಕೃಷ್ಣೆಗೆ ಬಿದ್ದ ಕಲ್ಲು ಅಲ್ಲಿಗೆ ಬರಬೇಕೆಂದರೆ ದೂರದ ಸಂಗಮದವರೆಗೂ ಉರುಳಿ, ಅಲ್ಲಿಂದ ಭೀಮೆಯಲ್ಲಿ ಹರಿವಿಗೆ ಎದುರಾಗಿ ಏರಬೇಕು. ಆಮೇಲೆ ಹೊಳೆ ಬಿಟ್ಟು ಹೊಲಕ್ಕೂ ನಡೆಯಬೇಕು! ಮರಳಿನ ಲಾರಿಯಲ್ಲಿ ಬಂದಿರಬಹುದು ಎಂದರು ಒಬ್ಬರು. ಆ ಹೊಲಕ್ಕೆ ಒಂದು ಬುಟ್ಟಿ ಮರಳೂ ಬಂದಿಲ್ಲವೆಂದು ನನ್ನ ಸಹೋದ್ಯೋಗಿ ಆಣೆ ಮಾಡಿ ಹೇಳಿದರು.

ಮುಂದಿನ ಭಾನುವಾರ ನಾರಾಯಣಪುರಕ್ಕೆ ಹೋಗಿ, ಹೆದರುತ್ತಲೇ ಆ ಹೋಳನ್ನು ಗಂಗವ್ವನ ಮುಂದಿಟ್ಟು ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ನಕ್ಕಳು.

"ಬದುಕಿದ್ದಾಗೂ ಅಂವ ಒಂದ್ ಕಡಿ ನಿಂತಾಂವಲ್ಲ ಬಿಡ್ರಿ. ನಾನ ಕುಂತಬಿಟ್ಟೀನಿ."

ಎದ್ದು ಅಂಗಳಕ್ಕೆ ಹೋಗಿ ತೆಪ್ಪವನ್ನು ಮಗುಚಲು ಕೈ ಹಚ್ಚಿದಳು. ನಾನೂ ಕೈಜೋಡಿಸಿದೆ. ಅದರ ಕೆಳಗಿನ ಹುಲ್ಲು ಬಿಸಿಲು ಕಾಣದೆ ಬೆಳ್ಳಗಾಗಿತ್ತು.

ಭೂವಿಜ್ಞಾನ ಕಲಿಸುವ ಪರಿಚಯದ ಉಪನ್ಯಾಸಕರೊಬ್ಬರು ಎರಡೂ ಹೋಳುಗಳನ್ನು ಭೂತಗನ್ನಡಿ ಹಿಡಿದು ನೋಡಿ, ಇದು ಒಂದೇ ಕಲ್ಲು ಎಂದು ಒಪ್ಪಿದರು. ಬಂದದ್ದು ಹೇಗೆ ಎಂದು ಕೇಳಿದ್ದಕ್ಕೆ ಚಹಾ ತರಿಸಿದರು. ನನಗೂ ಇಂದಿನವರೆಗೆ ತಿಳಿದಿಲ್ಲ. ಗಂಗವ್ವನಿಗೆ ಮಾತ್ರ ಯಾರ ವಿವರಣೆಯೂ ಬೇಕಾಗಲಿಲ್ಲ. ತೆಪ್ಪ ಮಗುಚಿದ ಮರುದಿನವೇ ಬಲೆ ಹಿಡಿದು ಹೊಳೆಗೆ ಇಳಿದಳು, ಈಗಲೂ ಇಳಿಯುತ್ತಾಳೆ.